ಪುಟ್ಟ ಯಂತ್ರ ಮತ್ತು ಹಟ್ಟಿಯ ಮಾತು

ದೊಡ್ಡ ಯಂತ್ರಗಳ ಗದ್ದಲದಲ್ಲಿ ‘ಸಣ್ಣ ಭಾಷಾ ಮಾದರಿ’ಗಳ ಬಗ್ಗೆ ನಾವು ಆಡಬೇಕಾದಷ್ಟು ಮಾತು ಆಡಿಲ್ಲ. ಭಾಷಾ ಮಾದರಿ ಎಂದರೆ, ಅಪಾರ ಬರಹವನ್ನು ಓದಿಸಿ, ಒಂದು ಪದದ ನಂತರ ಯಾವ ಪದ ಬರಬಹುದೆಂದು ಲೆಕ್ಕ ಹಾಕಲು ಕಲಿಸಿದ ಗಣಕ ವ್ಯವಸ್ಥೆ. ದೊಡ್ಡವು ದೂರದ ಕಂಪನಿಗಳ ಕೇಂದ್ರಗಳಲ್ಲಿರುತ್ತವೆ. ಇಂಟರ್‌ನೆಟ್ ಇಲ್ಲದ ಕಡೆ ಅವು ಮೂಕ. ಸಣ್ಣವು ಹಾಗಲ್ಲ. ಬೆಂಗಳೂರಿನ ಸರ್ವಂ ಎಐ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಹೊರತಂದ ಸರ್ವಂ-1 ಮಾದರಿ ಸುಮಾರು 200 ಕೋಟಿ ಅಂಕಿಗಳದ್ದು. ಸಂಕುಚಿಸಿದರೆ ಅದು ಹೆಚ್ಚುಕಡಿಮೆ 1 ಜಿಬಿ ಜಾಗದಲ್ಲಿ ಕೂರುತ್ತದೆ, ಮೊಬೈಲಿಗೂ ಇಳಿಸಬಹುದು. ಚಳ್ಳಕೆರೆ ತಾಲೂಕಿನ ನನ್ನಿವಾಳದಂಥ ಊರಿನ ಶಾಲೆಗೆ ಹೊಂದುವುದಾದರೆ ಇಂಥದ್ದೇ. ಮಕ್ಕಳ ಪ್ರಶ್ನೆಗಳು ಊರು ಬಿಟ್ಟು ಹೋಗುವುದಿಲ್ಲ ಎಂಬುದೂ ಕಡಿಮೆ ಲಾಭವೇನಲ್ಲ.

ಆದರೆ ಗಾತ್ರ ಇಳಿಸುವಾಗ ಮೊದಲು ಕೈಬಿಟ್ಟು ಹೋಗುವುದು ಯಾವುದು? ಸಣ್ಣ ಮಾದರಿ ವಾಕ್ಯವನ್ನು ಸರಾಗವಾಗಿ ಕಟ್ಟುತ್ತದೆ, ಅದರ ಲೋಕಜ್ಞಾನ ಮಾತ್ರ ತೆಳು. ಗೊತ್ತಿಲ್ಲದ್ದನ್ನೂ ಅದು ಅಷ್ಟೇ ಸರಾಗವಾಗಿ ಹೇಳಿಬಿಡುತ್ತದೆ. ನನ್ನಿವಾಳ ಮ್ಯಾಸಬೇಡರ ಕಟ್ಟೆಮನೆಯ ಊರು. ಅವರಲ್ಲಿ ಕಿಲಾರಿ ಎಂದರೆ ದೇವರ ಎತ್ತುಗಳನ್ನು ಕಾಯುವವನು. ಉತ್ತರ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಅದೇ ಹೆಸರಿನ ದನದ ತಳಿಯೊಂದಿದೆ. ‘ಕಿಲಾರಿ ಒಂದು ದನದ ತಳಿ’ ಎಂದು ಯಂತ್ರ ತರಗತಿಯಲ್ಲಿ ಹೇಳಿಬಿಟ್ಟರೆ, ಕಿಲಾರಿಯ ಮಗ ಮನೆಗೆ ಹೋಗಿ ಅಪ್ಪನ ಮುಖ ಹೇಗೆ ನೋಡಬೇಕು?

2023ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರಿಬ್ಬರು ‘ಟೈನಿ ಸ್ಟೋರೀಸ್’ ಎಂಬ ಪ್ರಯೋಗ ಮಾಡಿದರು. ಮೂರು-ನಾಲ್ಕು ವರ್ಷದ ಮಗುವಿಗೆ ತಿಳಿಯುವ ಪದಗಳಲ್ಲೇ ಕಥೆಗಳನ್ನು ಬರೆಸಿ, 1 ಕೋಟಿಗೂ ಕಡಿಮೆ ಅಂಕಿಗಳ ಮಾದರಿಗೆ ಓದಿಸಿದಾಗ ಅದೂ ಸಂಗತವಾದ ಇಂಗ್ಲಿಷಿನಲ್ಲಿ ಕಥೆ ಹೇಳಿತು. ಓದಿಸುವ ಪಠ್ಯ ಸರಿಯಾಗಿದ್ದರೆ ಪುಟ್ಟ ಯಂತ್ರವೂ ಸಾಕು ಎಂಬ ಈ ಪಾಠವನ್ನು ನಾವು ಒಪ್ಪುತ್ತೇವೆ. ಆದರೆ ಆ ಕಥೆಗಳನ್ನು ಬರೆದದ್ದು ಮತ್ತೊಂದು ದೊಡ್ಡ ಯಂತ್ರ! ಸರ್ವಂ-1ರಲ್ಲಿಯೂ ಭಾರತೀಯ ಭಾಷೆಗಳ ಉತ್ತಮ ಬರಹ ಸಾಲದೆ ಯಂತ್ರ ಸೃಷ್ಟಿಸಿದ ಪಠ್ಯವನ್ನು ಬಳಸಲಾಗಿದೆ. ಯಂತ್ರ ಅಗಿದದ್ದನ್ನೇ ಯಂತ್ರಕ್ಕೆ ಉಣಿಸುವಷ್ಟು ಬಡತನ ಕನ್ನಡಕ್ಕಿದೆಯೇ? ಇದೇ ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದವರು, ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡಿದವರು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದರು. ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಪದವಿ ನೀಡಿತು. ಮಕ್ಕಳ ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸುವವರು ಇಂಥ ಸಂಗ್ರಹಗಳಿಂದ ಆರಂಭಿಸಬಾರದೇಕೆ?

ಇನ್ನು ಭಾಷೆಗಳ ಆಯ್ಕೆ. ಸರ್ವಂ-1 ಕಲಿತ ಹತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವಿದೆ, ತೆಲುಗಿದೆ, ಉರ್ದು ಇಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡದ ನಂತರ ಹೆಚ್ಚು ಜನರ ಮಾತೃಭಾಷೆ ಉರ್ದು, ಶೇ. 10.8. ಉರ್ದು ಮಾಧ್ಯಮದ ಸರ್ಕಾರಿ ಶಾಲೆಯ ಮಗು ಯಾರ ಲೆಕ್ಕದಲ್ಲಿದೆ? ತೆಲುಗು ಇದ್ದರೂ ಅದು ಮ್ಯಾಸಬೇಡರ ಹಟ್ಟಿಗಳ ಕನ್ನಡ ಬೆರೆತ ತೆಲುಗಲ್ಲ. ಮನೆಯ ದಖನಿಯನ್ನು ಶಾಲೆಯ ಬಾಗಿಲಲ್ಲೇ ಬಿಟ್ಟು ಬರುವ ಮಗುವಿಗೂ, ಹಟ್ಟಿಯ ಮಾತನ್ನು ನುಂಗಿಕೊಳ್ಳುವ ಮಗುವಿಗೂ ಈ ಯಂತ್ರ ತಿದ್ದುವ ಮತ್ತೊಬ್ಬ ಮೇಷ್ಟ್ರಾದರೆ ಅದರಿಂದ ಪ್ರಯೋಜನವಿಲ್ಲ.

ದಾರಿ ಇಲ್ಲದಿಲ್ಲ. ಸಣ್ಣ ಮಾದರಿಯ ನೆನಪನ್ನು ನಂಬದೆ, ಅದರ ಮುಂದೆ ಪಠ್ಯವನ್ನು ತೆರೆದಿಟ್ಟು, ಇದರೊಳಗಿಂದಲೇ ಉತ್ತರಿಸು ಎನ್ನಬಹುದು. ಆ ಪಠ್ಯದಲ್ಲಿ ಪಾಠಪುಸ್ತಕದ ಜೊತೆಗೆ ಮಕ್ಕಳೇ ಹಿರಿಯರನ್ನು ಕೇಳಿ ಬರೆದ ಊರಿನ ಪದಗಳ ಪಟ್ಟಿಯೂ ಇರಲಿ. ಮೇಷ್ಟ್ರು ಅದನ್ನು ತಿದ್ದಲಿ. ಇದನ್ನು ಕಲಿಸುವ ಜಾಗವೂ ಹತ್ತಿರದಲ್ಲೇ ಇದೆ. ಇದೇ ತಾಲೂಕಿನ ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿ ನಡೆಯುತ್ತದೆ. ‘ವಾಣಿ’ ಯೋಜನೆಯಡಿ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸುವ ಕೆಲಸದಲ್ಲಿಯೂ ಇದೇ ಸಂಸ್ಥೆಯಿದೆ. ಇವೆರಡನ್ನು ಜೋಡಿಸಲು ಹೊಸ ಕಟ್ಟಡವೇನೂ ಬೇಕಾಗಿಲ್ಲ.

ಒಂದು ಷರತ್ತು ಮಾತ್ರ ಇರಬೇಕು. ಆ ಪಟ್ಟಿ ಶಾಲೆಯ ಸ್ವತ್ತಾಗಿರಲಿ, ಕಂಪನಿಗಳಿಗೆ ಬೇಕಾದರೆ ಊರನ್ನು ಕೇಳಿ ಪಡೆಯಲಿ. ಕುದಾಪುರದ ಆವರಣ ನಿಂತಿರುವ 1500 ಎಕರೆ ಹಿಂದೆ ದನ ಮೇಯುತ್ತಿದ್ದ ಅಮೃತಮಹಲ್ ಕಾವಲು. ಅದನ್ನು ಕೊಡುವಾಗ ತಮ್ಮನ್ನು ಯಾರೂ ಕೇಳಲಿಲ್ಲವೆಂದು ಈ ಸೀಮೆಯ ದನಗಾಹಿಗಳು ದೂರಿದ್ದಾರೆ.