ಮಳೆರಾಯನ ಹಲಗೆಯಿಂದ ಕವಿತೆಯ ಸಾಲಿಗೆ

ಮಳೆ ಕೈಕೊಟ್ಟ ವರ್ಷ ನಮ್ಮ ಮೈಸೂರು ಸೀಮೆಯ ಹುಡುಗರು ಜೇಡಿಮಣ್ಣು ಕಲಸಿ ಮಳೆರಾಯನನ್ನು ಮಾಡುತ್ತಿದ್ದರು. ಹಲಗೆಯ ಮೇಲೆ ಕೂರಿಸಿ, ಒಬ್ಬನ ತಲೆಗೆ ಹೊರಿಸಿ, ಮನೆಮನೆ ಬಾಗಿಲಲ್ಲಿ ನಿಂತು ಕೂಗುವುದು. ಮನೆಯಾಕೆ ಚೊಂಬು ನೀರು ತಂದು ಮಳೆರಾಯನ ನೆತ್ತಿಗೆ ಸುರಿಯುತ್ತಾಳೆ. ಮಣ್ಣು ಕರಗಿದ ನೀರು ಹೊತ್ತವನ ಕಿವಿ, ಕತ್ತು, ಬೆನ್ನ ಮೇಲೆ ಇಳಿಯುತ್ತದೆ. ಕೊನೆಗೆ ಮನೆಗಳವರು ಕೊಟ್ಟ ಹಿಟ್ಟನ್ನು ಎಲ್ಲರೂ ಸೇರಿ ಬೇಯಿಸಿ ಉಣ್ಣುತ್ತಾರೆ.

ಆಚರಣೆಯಿಂದ ಹುಟ್ಟಿದ ಕವಿತೆಯನ್ನು ಸವಿಯಬೇಕೆನ್ನುವವರು ಮೊದಲು ಈ ಕೂಗಿಗೆ ಕಿವಿಕೊಡಬೇಕು. ಅಲ್ಲಿ ಮಳೆಯ ವರ್ಣನೆ ಇಲ್ಲ. ಮಳೆಯನ್ನು ಎದುರಿಗೆ ನಿಲ್ಲಿಸಿಕೊಂಡು, ಮನೆಯವನಂತೆ ಏಕವಚನದಲ್ಲಿ ಕರೆಯುತ್ತಾರೆ. ಕುಟ್ಟುವ ಹಾಡಿನ 'ಸುವ್ವಿ'ಯೂ ಹಾಗೆಯೇ. ಅದರ ಅರ್ಥಕ್ಕೆ ನಿಘಂಟು ಬಿಡಿಸಬೇಡಿ, ಒನಕೆ ಏರಿ ಇಳಿಯುವಾಗಿನ ಉಸಿರು ಅದು. ಯುಗಾದಿಯ ಮೇಲೆ ಬರೆದ ಎಷ್ಟೋ ಪದ್ಯಗಳಲ್ಲಿ ಬೇವು, ಬೆಲ್ಲ, ಮಾವಿನ ತೋರಣ ಎಲ್ಲವೂ ಇರುತ್ತವೆ, ಕೆಲಸ ಮಾತ್ರ ಇರುವುದಿಲ್ಲ. ನನಗೆ ಅವು ಶುಭಾಶಯ ಪತ್ರಗಳು. ಹೊನ್ನಾರು ಹೂಡುವ ದಿನ ಎತ್ತಿನ ಮೈತೊಳೆದು, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಸಾಲು ಹೊಡೆಯುವವನ ಅಂಗೈ ಯಾವ ಸಾಲಿನಲ್ಲಿ ಸಿಕ್ಕೀತೋ ಅಲ್ಲಿ ಕವಿತೆ ಇದೆ.

ಇನ್ನೊಂದು ಕಲಿಕೆ ರಾತ್ರಿಯದು. ಪುಷ್ಯ ಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆ ಶುರುವಾಗುತ್ತದೆ, ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ ಎಂಬ ಕಟ್ಟಣೆಗೆ ಬೆಂಕಿ ಕೊಡುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ವಾಲಿತೋ ಆ ಕಡೆ ಮಳೆ ಬೆಳೆ ಚೆನ್ನ ಎಂದು ಜನ ನಂಬುತ್ತಾರೆ. ತಂಬೂರಿ, ಗಗ್ಗರ, ಡಕ್ಕೆ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಮಂಟೇಸ್ವಾಮಿಯ ಶಿಷ್ಯನಾದ ಸಿದ್ಧಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದ ಭಾಗ ಅದರಲ್ಲಿ ಬಹಳ ದೊಡ್ಡದು. ಹೊಸಬರಿಗೆ ಮೊದಲು ಬೇಸರವಾಗುವುದು ಮರುಕಳಿಕೆ: ಹೇಳಿದ್ದನ್ನೇ ಹೇಳುತ್ತಾರಲ್ಲ ಎನ್ನಿಸುತ್ತದೆ. ತಾಳ್ಮೆಯಿಂದ ಕೂತುಕೊಳ್ಳಿ. ಹಿಮ್ಮೇಳದವರು ಸೊಲ್ಲು ಎತ್ತಿಕೊಂಡಾಗ ಮುಂದಾಳಿಗೆ ಉಸಿರು ಸಿಗುತ್ತದೆ, ಕೇಳುವವರಿಗೆ ಕಥೆ ಮನಸ್ಸಿಗೆ ಇಳಿಯಲು ಹೊತ್ತು ಸಿಗುತ್ತದೆ. ಪುಸ್ತಕದಲ್ಲಿ ಓದುವಾಗ ಆ ಸೊಲ್ಲುಗಳನ್ನು ಹಾರಿಸಿಬಿಟ್ಟರೆ ಕಾವ್ಯದ ಅರ್ಧ ಹೋಯಿತು.

ಇದೇ ನೆಲದ ಹಾಡನ್ನೂ ನಂಬಿಕೆಯನ್ನೂ ಹೊಸ ಬರಹ ಹೇಗೆ ಹೊತ್ತುಕೊಂಡಿತು ಎಂದು ತಿಳಿಯಲು ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವರ 'ಕುಸುಮಬಾಲೆ' ಓದಿ. 1984ರ ಪುಸ್ತಕ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿ ಎಂದು ಹೆಸರು, ಓಟವೆಲ್ಲ ಹಾಡಿನದು. ವಿದ್ವಾಂಸ ಎಲ್. ಬಸವರಾಜು ಅದನ್ನು ಪದ್ಯದಂತೆ ಸಾಲು ಬಿಡಿಸಿಯೂ ತೋರಿಸಿದರು. ಊರು ಮಲಗಿದ ಮೇಲೆ ಮನೆಮನೆಯ ದೀಪಗಳ ಜೋತಮ್ಮಂದಿರು ಹೊರಗೆ ಬಂದು ಕಷ್ಟಸುಖ ಮಾತಾಡಿಕೊಳ್ಳುತ್ತಾರೆ. ದೀಪವನ್ನು ಬಾಯಿಂದ ಊದಿ ಆರಿಸಬಾರದು ಎಂದು ಅಜ್ಜಿಯಿಂದ ಬೈಸಿಕೊಂಡವರಿಗೆ ಈ ಜೋತಮ್ಮಂದಿರು ಕಲ್ಪನೆ ಅನ್ನಿಸುವುದಿಲ್ಲ, ಗುರುತಿನವರು ಅನ್ನಿಸುತ್ತಾರೆ. ಮಹಾದೇವರು ಆ ನಂಬಿಕೆಯನ್ನು ವಿವರಿಸಲು ಹೋಗಲಿಲ್ಲ. ಆ ದೀಪಗಳ ಬಾಯಲ್ಲೇ ಜಾತಿಯ ಕ್ರೌರ್ಯ ತುಂಬಿದ ಊರಿನ ಕಥೆ ಹೇಳಿಸಿದರು. ಹಳೆಯ ಆಚರಣೆಯನ್ನು ಮುಟ್ಟುವ ಕವಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಸಂಪ್ರದಾಯವನ್ನು ಬರೀ ಹೊಗಳುವ ಪದ್ಯ, ಅದೇ ಹಬ್ಬದ ದಿನ ಯಾರು ಬಾಗಿಲ ಹೊರಗೆ ನಿಂತಿದ್ದರು ಎಂಬುದನ್ನು ಮರೆಸುತ್ತದೆ.

'ಕುಸುಮಬಾಲೆ'ಯ ಪುಟದಲ್ಲಿನ ನಂಜನಗೂಡು ಸೀಮೆಯ ಮಾತು ತೊಡಕೆನಿಸಿದರೆ ಗಟ್ಟಿಯಾಗಿ ಓದಿ. ಕಣ್ಣಿಗೆ ಬಿಡಿಸಲಾಗದ್ದನ್ನು ಕಿವಿ ಬಿಡಿಸುತ್ತದೆ.

ನೀವೇ ಬರೆಯುವವರಾದರೆ, ಈ ಸೀಮೆಯವರಾಗಲಿ ಬೇರೆ ಊರಿನವರಾಗಲಿ, ಮೊದಲು ಮನೆಯ ಹಿರಿಯರೊಬ್ಬರ ಪಕ್ಕ ಕೂತು, ಅವರು ಚಿಕ್ಕಂದಿನಲ್ಲಿ ಮಳೆಯನ್ನು ಹೇಗೆ ಕರೆಯುತ್ತಿದ್ದರು ಎಂದು ಕೇಳಿ. ಅವರು ಹೇಳಿದ ಮಾತನ್ನು ತಿದ್ದದೆ, ಅವರ ಬಾಯಲ್ಲಿ ಬಂದ ಹಾಗೆಯೇ ಬರೆದಿಟ್ಟುಕೊಳ್ಳಿ.