ಪೆನ್‌ಡ್ರೈವ್ ಎಂಬ ದಾರಿಯ ಜೊತೆಗಾರ

ಕಲಬುರಗಿ ಬಿಟ್ಟು ಹುಮನಾಬಾದ್ ರಸ್ತೆ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ಸುಮಾರು ಮುಕ್ಕಾಲು ಗಂಟೆ. ಒಂದು ರಾಗವನ್ನು ನೆಮ್ಮದಿಯಾಗಿ ಕೇಳಲು ಅಷ್ಟು ದಾರಿ ಸಾಕು. ಕಾರಿನ ಯುಎಸ್‌ಬಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಮುಗಿಯಿತು: ನೆಟ್‌ವರ್ಕ್ ಬೇಕಿಲ್ಲ, ನಡುವೆ ಜಾಹೀರಾತಿನ ಕಾಟವೂ ಇಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನ ರಂಗೇರುವ ಹೊತ್ತಿಗೇ ಒಂದು ಬದಿ ಮುಗಿದುಬಿಡುತ್ತಿತ್ತು. ಈಗ 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ. 16 ಜಿಬಿಯಲ್ಲಿ 250 ಗಂಟೆಗೂ ಮಿಕ್ಕಿದ ಸಂಗೀತ ಹಿಡಿಸುತ್ತದೆ.

ಇದರ ಸೊಗಸೆಲ್ಲ ಜೋಡಣೆಯಲ್ಲಿದೆ. ಎಷ್ಟೋ ಸ್ಟೀರಿಯೊಗಳು ಎಫ್‌ಎಟಿ32 ಫಾರ್ಮ್ಯಾಟ್ ಮಾಡಿದ ಡ್ರೈವನ್ನಷ್ಟೇ ಓದುತ್ತವೆ. ಕೆಲವು, ಕಾಪಿ ಮಾಡಿದ ಕ್ರಮದಲ್ಲೇ ಹಾಡು ನುಡಿಸುತ್ತವೆ. ಫೈಲ್ ಹೆಸರಿಗೆ 01, 02 ಎಂದು ಅಂಕಿ ಹಾಕಿ, ಅದೇ ಸಾಲಿನಲ್ಲಿ ಕಾಪಿ ಮಾಡಿದರೆ ಸರದಿ ತಪ್ಪದು. ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೊಂದು ಫೋಲ್ಡರ್, ವಚನಕ್ಕೊಂದು, ಖವ್ವಾಲಿಗೊಂದು. ಹಳೆಯ ಸ್ಟೀರಿಯೊದಲ್ಲಿ ಕನ್ನಡದ ಹೆಸರು ಬರೀ ಚೌಕಗಳಾಗಿ ಕಾಣಬಹುದು. ಅಂಕಿ ನೋಡಿ ಹಾಡು ಆರಿಸಿದರಾಯಿತು. ಬಾಳೆಹಣ್ಣು ಕೊಳ್ಳಲು ಗಾಡಿ ನಿಲ್ಲಿಸಿ ಬಂದರೂ, ಬಹುತೇಕ ಸ್ಟೀರಿಯೊಗಳು ಬಿಟ್ಟಲ್ಲಿಂದಲೇ ಹಾಡು ಎತ್ತಿಕೊಳ್ಳುತ್ತವೆ. ಇಷ್ಟು ಚಿಕ್ಕ ವಸ್ತು ಕಳೆದುಹೋಗುವುದೂ ಸುಲಭ. ಮನೆಯ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇರಲಿ.