ನಿಧಿಯ ಒಡೆಯರು ಯಾರು?

ಸ್ಟೀವನ್‌ಸನ್ನರ ‘ಟ್ರೆಷರ್ ಐಲೆಂಡ್’ (1883) ಕಾದಂಬರಿಯ ಬಾಲಕ ಜಿಮ್, ನಾಣ್ಯದ ರಾಶಿಯನ್ನು ಕಂಡಾಗ ಇದಕ್ಕಾಗಿ ಎಷ್ಟು ನೆತ್ತರು ಹರಿದಿತ್ತೋ ಎಂದು ಕ್ಷಣಕಾಲ ಚಿಂತಿಸುತ್ತಾನೆ. ಆದರೆ ಅದು ಯಾರ ಸೊತ್ತೆಂದು ಯಾರೂ ಕೇಳುವುದಿಲ್ಲ. ಕಡಲ್ಗಳ್ಳರಲ್ಲಿದ್ದಾಗ ಕೊಳ್ಳೆಯಾಗಿದ್ದುದು ಸಭ್ಯರ ಕೈಸೇರಿದೊಡನೆ ಗಳಿಕೆಯಾಗುತ್ತದೆ.

ಇತಿಹಾಸದಲ್ಲಿ ಇಂತಹ ಮಾರ್ಪಾಡಿಗೆ ಅರಸನ ಒಂದು ಕಾಗದ ಸಾಕಾಗಿತ್ತು. ಶತ್ರುದೇಶದ ಹಡಗುಗಳನ್ನು ಹಿಡಿಯಲು ಖಾಸಗಿ ನೌಕೆಗಳಿಗೆ ಪರವಾನಗಿ ಕೊಡುವುದು ಯುರೋಪಿನ ರೂಢಿಯಾಗಿತ್ತು. ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಮ್‌ನಿಂದ ಅಂಥ ಪರವಾನಗಿ ಪಡೆದ ವಿಲಿಯಮ್ ಕಿಡ್ 1697ರಲ್ಲಿ ಕಾರವಾರಕ್ಕೆ ಬಂದನು. 1698ರ ಜನವರಿಯಲ್ಲಿ ಮಲಬಾರಿನ ಕಡಲಲ್ಲಿ ‘ಕ್ವೆಡಾ ಮರ್ಚೆಂಟ್’ ಎಂಬ ಹಡಗನ್ನು ಹಿಡಿದನು. ಅದರಲ್ಲಿದ್ದುದು ಹೂತಿಟ್ಟ ಹೊನ್ನಲ್ಲ. ವರ್ತಕರ ರೇಷ್ಮೆ, ಮಸ್ಲಿನ್, ಸಕ್ಕರೆ. ಹಡಗಿನಲ್ಲಿ ಸಿಕ್ಕ ಫ್ರೆಂಚ್ ರಹದಾರಿಯೇ ತನಗೆ ಆಧಾರವೆಂದು ಅವನು ವಾದಿಸಿದರೂ ವಿಚಾರಣೆಯಲ್ಲಿ ಆ ಪತ್ರ ಹೊರಬರಲಿಲ್ಲ. ಕೊಲೆ, ಕಡಲ್ಗಳ್ಳತನಗಳ ಅಪರಾಧಿಯೆಂದು 1701ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದನು.

ಪರವಾನಗಿಯುಳ್ಳವನಿಗೂ ಕಳ್ಳನಿಗೂ ನಡುವೆ ಇದ್ದುದು ಕಾಗದದಷ್ಟೇ ತೆಳುವಾದ ಗೆರೆ. ಸರಕು ಕಳೆದುಕೊಂಡವನಿಗೆ ಆ ಗೆರೆಯೂ ಕಾಣದು. ಸ್ಟೀವನ್‌ಸನ್ನರ ಕಥನವೇಗ ಇಂದಿಗೂ ಮೆಚ್ಚತಕ್ಕದ್ದೇ. ಆದರೆ ಅರಬ್ಬೀ ಕಡಲ ತಡಿಯ ನಾವು ಆ ಪುಸ್ತಕವನ್ನು ಮಕ್ಕಳ ಕೈಗಿಡುವಾಗ, ಜಿಮ್ ಕೇಳದೆ ಬಿಟ್ಟ ಪ್ರಶ್ನೆಯನ್ನೂ ಜೊತೆಗಿಡುವುದು ಲೇಸು.